ಇಸವಿ ಇಲ್ಲದ ಹ್ಯಾಂಡ್‌ಬಿಲ್ಲು

ಮಗುವಿಗೆ ಜ್ವರ ಬಂದ ಹೊತ್ತಿನಲ್ಲಿ ತಾನು ಬೇರೆಲ್ಲೋ ಇದ್ದುಬಿಟ್ಟರೆ? ರಂಜಿತಾಳಿಗೆ ಈ ಯೋಚನೆ ಯಾವಾಗ ಅಂಟಿಕೊಂಡಿತೋ, ಅಂಟಿಕೊಂಡದ್ದು ಬಿಡಲಿಲ್ಲ. ಹಳದೀಪುರದಲ್ಲಿ ಅವಳು ಬಸ್ಸು ಹತ್ತಿದರೆ ಅದೂ ಹತ್ತುತ್ತಿತ್ತು. ಹೊನ್ನಾವರದಲ್ಲಿ ಇಳಿದರೆ ಅದೂ ಇಳಿದು ಕಾಲೇಜಿನ ಮೆಟ್ಟಿಲು ಏರುತ್ತಿತ್ತು. ಪಾಠದ ನಡುವೆ, ಮೇಜಿನ ಮೇಲಿಟ್ಟ ಫೋನು ಕರೆ ಬಾರದೆಯೂ ನಡುಗಿದ ಹಾಗೆ ಕಾಣುತ್ತಿತ್ತು.

ಧನ್ಯಾಳಿಗೆ ಹತ್ತು ತಿಂಗಳು. ಹುಟ್ಟಿದಂದಿನಿಂದ ಒಂದು ನೆಗಡಿ ಬಿಟ್ಟರೆ ಬೇರೇನೂ ಕಂಡವಳಲ್ಲ. ಆದರೂ ರಂಜಿತಾ ಹೊರಡುವ ಮುಂಚೆ ಅವಳ ಹಣೆ ಮುಟ್ಟಿ, ಕತ್ತಿನ ಹಿಂದೆ ಮುಟ್ಟಿ, ಗೇಟಿನ ತನಕ ಹೋಗಿ, ತಿರುಗಿ ಬಂದು ಮತ್ತೆ ಹಣೆ ಮುಟ್ಟುತ್ತಿದ್ದಳು.

"ಎಂತದೆ ಅದು, ದಿನಾ ಎಳನೀರು ಬಡ್ದು ನೋಡ್ದಂಗೆ ಹುಡ್ಗಿನ ಮುಟ್ಟೂದು?" ಎಂದಳು ದುರ್ಗಿ. ಪಕ್ಕದ ಗದ್ದೆಯಂಚಿನಲ್ಲಿ ಹರಿವೆ, ಬದನೆ ಬೆಳೆಯುವವಳು ಅವಳು. ರಂಜಿತಾ ಕಾಲೇಜಿಗೆ ಹೋದಾಗ ಮಗು ಅವಳ ಸೊಂಟದ ಮೇಲೆ. "ಹೋಗು, ಬಸ್ ತಪ್ತದೆ."

"ಮೈ ಸ್ವಲ್ಪ ಬಿಸಿ ಆದರೂ ಫೋನ್ ಮಾಡಿಸಿ, ದುರ್ಗಕ್ಕ."

"ಫೋನ್ ಎಂತಕೆ? ಕೂ ಹಾಕ್ತೆ. ಹೊನ್ನಾವ್ರಕ್ಕೂ ಕೇಳ್ತದೆ."

ರಂಜಿತಾಳ ದಿಗಿಲಿಗೆ ಒಂದು ಬೇರಿತ್ತು. ಅವಳನ್ನು ಹುಬ್ಬಳ್ಳಿಯಲ್ಲಿ ಸಾಕಿ, ಇಂಗ್ಲಿಷ್ ಶಾಲೆಗೆ ಹಾಕಿ, ಓದಿಸಿದವಳು ಅಪ್ಪನ ಅಕ್ಕ ಬಂಗಾರತ್ತೆ. ಹುಬ್ಬಳ್ಳಿಯಲ್ಲಿ ಎಷ್ಟು ವರ್ಷ ಕಳೆದರೂ ಕರಾವಳಿಯ ಮಾತು ಬಿಡದ ಬಂಗಾರತ್ತೆ, ರಂಜಿತಾ ಹಠ ಮಾಡಿದಾಗಲೆಲ್ಲ ಒಂದೇ ಕತೆ ಹೇಳುತ್ತಿದ್ದಳು.

"ನಿಂಗೆ ಮೂರು ವರ್ಷ. ಕುಮಟೆಲಿ ನಾಟ್ಕ ಕಂಪನಿ ಮೊಕ್ಕಾಂ ಹೂಡಿತ್ತು. ಶಿವರಾತ್ರಿ ಹತ್ರ ಬಂದಿತ್ತು. ನೀನು ಜ್ವರದಲ್ಲಿ ಕೆಂಡ ಆಗಿ ಆಸ್ಪತ್ರೆ ಮಂಚದ ಮೇಲೆ ಬಿದ್ಕಂಡಿದ್ದೆ. ನಿನ್ನ ಆಯಿ ಎಂತ ಮಾಡ್ತು? ಮುಖಕ್ಕೆ ಬಣ್ಣ ಬಳ್ಕಂಡು ನಾಟ್ಕಕ್ಕೆ ಹೋಯ್ತು. ಶನಿವಾರ ಅದು, ನನ್ನ ಉಪವಾಸ. ತೊಟ್ಟು ನೀರು ಬಾಯಿಗೆ ಹಾಕ್ದೆ ನಿನ್ನ ಹಣೆ ಮೇಲೆ ಒದ್ದೆ ಬಟ್ಟೆ ಇಟ್ಕಂತ ಕೂತಿದ್ದವ್ಳು ನಾನು."

ಆಮೇಲಿನದ್ದು ಬೇಗ ಮುಗಿಯುತ್ತಿತ್ತು. ಅಪ್ಪ ರಮಾನಂದ ನಾಟಕ ಕಂಪನಿಯ ಪರದೆ, ಪೆಟ್ಟಿಗೆ ಸಾಗಿಸುವ ಲಾರಿ ಓಡಿಸುತ್ತಿದ್ದವನು. ಲಾರಿ ಬಿಟ್ಟು, ಮಗಳನ್ನು ಎತ್ತಿಕೊಂಡು ಅಕ್ಕನ ಮನೆಗೆ ಬಂದ. ಹೆತ್ತಮ್ಮ, ಅವರ ಮಾತಿನಲ್ಲಿ ಆಯಿ, ಕಂಪನಿಯ ಜೊತೆ ಮುಂದಿನ ಊರಿಗೆ ಹೋದಳು. ಆಯಿಯ ಮಾತೆತ್ತಿದರೆ ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದ. ಈಗ ಅಪ್ಪ ಇಲ್ಲ. ಬಂಗಾರತ್ತೆಯೂ ಹೋದ ವರ್ಷ ತೀರಿಕೊಂಡಳು. ಉಳಿದದ್ದು ಆ ಶನಿವಾರದ ಕತೆ ಮಾತ್ರ. ರಂಜಿತಾಳದೇ ಸ್ವಂತದ್ದು ಅಂತ ಇದ್ದದ್ದು ಒಂದು ಚೂರು ನೆನಪು: ಯಾರೋ ಕೊಬ್ಬರಿ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದಾರೆ, ಬಟ್ಟೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿದೆ, ಆ ಬಣ್ಣದ ಕೆಳಗಿನಿಂದ ಒಂದು ನಗು ಹೊರಗೆ ಬರುತ್ತಿದೆ. ಅದು ನೆನಪೋ, ಕನಸೋ, ಅವಳಿಗೆ ಖಾತ್ರಿ ಇಲ್ಲ.

ಗಂಡ ಪ್ರವೀಣ ಕುಮಟೆಯ ಕಡೆಯವನು. ಹೋಟೆಲುಗಳ ದೊಡ್ಡ ಗ್ರೈಂಡರು, ಫ್ರಿಜ್ಜು ರಿಪೇರಿ ಮಾಡುವುದು ಅವನ ಕೆಲಸ. ಅಲ್ಲಿಂದ ಭಟ್ಕಳದ ತನಕ ಅವನು ಕಾಲಿಡದ ಹೋಟೆಲ್ ಅಡುಗೆಮನೆ ಇಲ್ಲ. ಧನ್ಯಾ ಇನ್ನೂ ಹೊಟ್ಟೆಯಲ್ಲಿದ್ದಾಗ ಒಂದು ದಿನ ಮುರ್ಡೇಶ್ವರದಿಂದ ಬಂದವನು ಕೈತೊಳೆದು ಊಟಕ್ಕೆ ಕೂರದೆ ಬಾಗಿಲಲ್ಲೇ ನಿಂತ.

"ನಿನ್ನ ಆಯಿನ ನೋಡ್ದೆ" ಎಂದ.

ರಂಜಿತಾ ಕೈಯಲ್ಲಿದ್ದ ಅನ್ನದ ಪಾತ್ರೆ ಕೆಳಗಿಟ್ಟಳು.

"ಹೋಟ್ಲಲ್ಲಿ ಅಡುಗೆ ಮಾಡ್ತ್ರು. ಮಾಲತಕ್ಕ ಅಂತ, ನೀ ಹೇಳಿದ್ದ ಹೆಸ್ರೇ. ನಾ ಗ್ರೈಂಡರು ಬಿಚ್ಕಂಡು ಕೂತಿದ್ದೆ, ಯಾರೋ 'ಮಾಲತಕ್ಕ, ಒಂದು ಡೈಲಾಗ್ ಹೊಡಿ' ಅಂದ್ರು. ಹೊಡದ್ರು ನೋಡು, ಸೌಟು ಹಿಡ್ಕಂಡೇ! ಕೆಳಗೆ ತಿಂಡಿ ತಿಂತಿದ್ದವ್ರೆಲ್ಲ ತಲೆ ಎತ್ತಿದ್ರು. ಕಾಸರಕೋಡದವ್ರಂತೆ, ಕಂಪನಿಲಿ ಇದ್ದವ್ರಂತೆ. ಮೂಗು ಥೇಟ್ ನಿಂದೇ."

"ನೀನು ಯಾರು ಅಂತ ಹೇಳಿದೆಯಾ?"

"ಇಲ್ಲಪ್ಪ. ಅದು ನಾ ಹೇಳೂದಲ್ಲ. ರಿಪೇರಿಗೆ ಬೇಕಾಗ್ತದೆ ಅಂತ ನಂಬರ್ ತಕಂಡೆ. ಹಿಡಿ."

ಅವಳು ಅದನ್ನು ಫೋನಿನಲ್ಲಿ 'ಮುರ್ಡೇಶ್ವರ' ಎಂದು ಸೇರಿಸಿಟ್ಟಳು. 'ಮೀನಿನವಳು' ಮತ್ತು 'ಮೆಡಿಕಲ್' ಇವೆರಡರ ನಡುವೆ ಆ ಹೆಸರು ಕೂತಿತು. ಹೆರಿಗೆಯಾಗಿ ಮನೆಗೆ ಬಂದ ಮೇಲೆ, ಮಗು ಯಾಕೆ ಅಳುತ್ತದೆ, ಹಾಲು ಸಾಲುತ್ತದೋ ಇಲ್ಲವೋ, ಹೊಕ್ಕುಳು ಹೀಗೇ ಇರಬೇಕೋ ಅಂತ ಕೇಳಲು ಒಬ್ಬರು ಬೇಕೆನಿಸಿದಾಗಲೆಲ್ಲ ಆ ಹೆಸರು ತೆರೆದಳು, ಮುಚ್ಚಿದಳು. ಪ್ರವೀಣನ ತಾಯಿ ಬದುಕಿರಲಿಲ್ಲ. ದುರ್ಗಿಯನ್ನು ಕೇಳಿದರೆ ಎಲ್ಲಕ್ಕೂ ಒಂದೇ ಉತ್ತರ: "ಮಕ್ಳು ಅಂದ್ಮೇಲೆ ಅಳ್ತೊ."

ಕರೆ ಮಾಡದಿರಲು ಕಾರಣ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾತಾಡಿದರೆ ಕೇಳಬೇಕಾದ ಮಾತು ಒಂದೇ: ಆ ಶನಿವಾರ ನನ್ನನ್ನು ಬಿಟ್ಟು ನಾಟಕಕ್ಕೆ ಹೋದೆಯಾ? ಹೋಗಿರಲಿಲ್ಲ ಅಂತಾದರೆ ಇವತ್ತೇ ಬಸ್ಸು ಹತ್ತಿ ಹೋಗಿ ಅವಳ ಮಡಿಲಲ್ಲಿ ತಲೆ ಇಡಬಹುದು. ಹೋಗಿದ್ದಳು ಅಂತಾದರೆ? ಅಂಥ ತಾಯಿಗಾಗಿ ಇಷ್ಟು ಹಂಬಲಿಸುವುದು ತನ್ನನ್ನು ಸಾಕಿದ ಬಂಗಾರತ್ತೆಗೆ ಬಗೆದ ದ್ರೋಹವಲ್ಲವೇ?

ಹೀಗಿರುವಾಗ ಹ್ಯಾಂಡ್‌ಬಿಲ್ಲುಗಳು ಬಂದವು.

ರಂಜಿತಾ ಹೊನ್ನಾವರದ ಕಾಲೇಜೊಂದರಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕಿ. ವಿಭಾಗದ ಮುಖ್ಯಸ್ಥ ಪ್ರಕಾಶ ಸರ್ ಒಂದು ದಿನ ದೊಡ್ಡ ಕಟ್ಟು ತಂದು ಅವಳ ಮುಂದೆ ಇಟ್ಟರು. ಕುಮಟೆಯಲ್ಲಿ ಮುಚ್ಚಿಹೋದ ಪ್ರೆಸ್ಸೊಂದರ ಮಾಲಿಕರು ಕೊಟ್ಟದ್ದು. ತಾವು ಅಚ್ಚು ಹಾಕಿದ ಪ್ರತಿಯೊಂದರ ಮಾದರಿಯನ್ನೂ ತಂತಿಗೆ ಚುಚ್ಚಿ ಇಟ್ಟಿದ್ದರಂತೆ. ಕರಾವಳಿಗೆ ಬಂದ ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ಲುಗಳೇ ಹೆಚ್ಚು: ಗುಲಾಬಿ, ಹಳದಿ, ಹಸಿರು ತೆಳು ಕಾಗದ, ನಡುವೆ ಒಂದೊಂದು ತೂತು.

"ನಮ್ಮ ನಾಟಕೋತ್ಸವಕ್ಕೆ ಇದನ್ನ ಗೋಡೆ ಮೇಲೆ ಹಾಕುವ ಅಂತ ಮೇಡಂ. ಆದ್ರೆ ಒಂದ್ರಲ್ಲೂ ಇಸವಿ ಇಲ್ಲ. ನಿಮ್ಮದು ಅದೇ ಅಭ್ಯಾಸ ಅಲ್ವಾ?"

"ನನ್ನದು ಲಂಡನ್ನಿನದ್ದು ಸರ್. ಮುನ್ನೂರೈವತ್ತು ವರ್ಷ ಹಿಂದಿನದ್ದು."

"ಅಷ್ಟು ಹಿಂದಿಂದೇ ಗೊತ್ತಾಗ್ತದೆ ಅಂದ್ರೆ ಕುಮಟೆದು ಎಂತ ಮಹಾ? ಕಣ್ಣು ಹಾಯ್ಸಿ."

ಎಂ.ಎ.ಯಲ್ಲಿ ಅವಳು ಪ್ರಬಂಧ ಬರೆದದ್ದು ಅದರ ಮೇಲೆಯೇ. ದೇಶ ಬಿಟ್ಟಿದ್ದ ರಾಜ ಇಂಗ್ಲೆಂಡಿಗೆ ಮರಳಿದ ಮೇಲೆ ಅಲ್ಲಿ ಮುಚ್ಚಿದ್ದ ನಾಟಕಶಾಲೆಗಳು ತೆರೆದವು, ಹೆಂಗಸರು ಸಾರ್ವಜನಿಕ ರಂಗವೇರಿ ಪಾತ್ರ ಮಾಡತೊಡಗಿದರು. ಆ ನಾಟಕಗಳನ್ನು ಮೊದಲು ಆಡಿದ್ದು ಯಾವಾಗ ಎಂದು ಹೇಳಲು ಬಹಳ ಸಲ ಉಳಿದಿರುವುದು ಅಚ್ಚಾದ ಪುಸ್ತಕ ಮಾತ್ರ. ಮುಖಪುಟದ ಇಸವಿ ಅಚ್ಚಾದದ್ದರದು, ಆಡಿದ್ದರದಲ್ಲ. ಆಡಿ ಎಷ್ಟೋ ತಿಂಗಳಾದ ಮೇಲೆ, ಕೆಲವೊಮ್ಮೆ ವರ್ಷಗಳೇ ಆದ ಮೇಲೆ ಅಚ್ಚಾದದ್ದುಂಟು. ಹಾಗಾಗಿ ಪಾತ್ರಧಾರಿಗಳ ಹೆಸರು ನೋಡಬೇಕು, ಈ ನಟಿ ಆ ಕಂಪನಿಗೆ ಯಾವಾಗ ಸೇರಿದಳು ಅಂತ ಹುಡುಕಬೇಕು. ಪೀಠಿಕೆಯ ಪದ್ಯದಲ್ಲಿ ಊರಿಗೆ ಬಿದ್ದ ಬೆಂಕಿಯ ಮಾತಿದೆಯೇ ಎಂದು ನೋಡಬೇಕು. ಮುರಿದ ಅಕ್ಷರವೊಂದು ಎರಡು ಪುಸ್ತಕಗಳಲ್ಲಿ ಸಿಕ್ಕರೆ ಅವೆರಡನ್ನೂ ಪಕ್ಕಪಕ್ಕ ಇಡಬೇಕು. ರಂಜಿತಾಳಿಗೆ ಈ ಕೆಲಸ ತುಂಬ ಇಷ್ಟವಾಗಿತ್ತು. ಹುಟ್ಟಿನಿಂದ ಗಾಬರಿ ಸ್ವಭಾವದವಳಿಗೆ, ಎಂದೋ ಮುಗಿದುಹೋದ ಸಂಜೆಯೊಂದನ್ನು ಹಿಡಿದು ಒಂದು ಇಸವಿಯೊಳಗೆ ಕೂರಿಸುವುದರಲ್ಲಿ ಏನೋ ಸಮಾಧಾನ.

ರಜೆಯ ದಿನ, ಮಗು ಮಲಗಿದ ಹೊತ್ತಿನಲ್ಲಿ ಜಗಲಿಯ ಮೇಲೆ ಬಿಲ್ಲುಗಳನ್ನು ಹರಡಿದಳು. ನಾಳೆಗೆ ಬೇಡವಾಗುವ ಕಾಗದಕ್ಕೆ ಇಸವಿ ಯಾಕೆ ಎಂದು ಯಾರೂ ಹಾಕಿರಲಿಲ್ಲ. ಇದ್ದದ್ದು ತಾರೀಕು, ವಾರ, "ಮರೆಯದಿರಿ, ಮರೆತು ನಿರಾಶರಾಗದಿರಿ", "ಸ್ತ್ರೀಯರಿಗೆ ಪ್ರತ್ಯೇಕ ಸ್ಥಳಾವಕಾಶ". ತಾರೀಕಿಗೂ ವಾರಕ್ಕೂ ಹೊಂದುವ ವರ್ಷಗಳನ್ನು ಫೋನಿನ ಕ್ಯಾಲೆಂಡರಿನಲ್ಲಿ ಹುಡುಕಿದಳು. ಹೊಂದುವ ವರ್ಷಗಳು ಎರಡು ಮೂರು ಸಿಗುತ್ತಿದ್ದವು, ಅದರಲ್ಲಿ ಒಂದನ್ನು ಆರಿಸಲು ಇನ್ನೊಂದು ಗುರುತು ಬೇಕು. "ಮೈಸೂರು ರಾಜ್ಯ" ಎಂದಿದ್ದರೆ ಕರ್ನಾಟಕ ಎಂದು ಹೆಸರಾಗುವ ಮೊದಲು. "ನದಿಯಾಚೆಯವರಿಗೆ ದೋಣಿಯ ಅನುಕೂಲ" ಎಂದಿದ್ದರೆ ಸೇತುವೆ ಆಗುವ ಮೊದಲು. ಒಂದು ಹಸಿರು ಬಿಲ್ಲಿನಲ್ಲಿ "ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ಪ್ರಯುಕ್ತ" ಎಂದಿತ್ತು: 1997, ಚರ್ಚೆಯೇ ಇಲ್ಲ.

"ಬರೇ ಕಾಗದ ಓದಿ ಅದ್ರ ವಯಸ್ಸು ಹೇಳ್ತ್ಯಲೆ," ಎಂದಳು ದುರ್ಗಿ, ಹರಿವೆ ಸೊಪ್ಪು ಕಟ್ಟುತ್ತ. "ನನ್ನ ವಯಸ್ಸು ಹೇಳ್ ಕಾಂಬ?"

"ನಿಮ್ಮ ಮೇಲೆ ಏನೂ ಅಚ್ಚಾಗಿಲ್ಲವಲ್ಲ ದುರ್ಗಕ್ಕ."

"ಆಧಾರ್ ಕಾರ್ಡಲ್ಲಿ ಆಯ್ದು. ಅದ್ರ ಪ್ರಕಾರ ನಾನು ನನ್ನ ಮಗನಿಗಿಂತ ಎಂಟೇ ವರ್ಷ ದೊಡ್ಡೋಳು."

ರಂಜಿತಾ ನಗುತ್ತಲೇ ಮುಂದಿನ ಬಿಲ್ಲು ಎತ್ತಿಕೊಂಡಳು. ಗುಲಾಬಿ ಕಾಗದ. ಶ್ರೀ ಮಹಾಲಸಾ ನಾಟ್ಯ ಸಂಘ. ನಾಟಕ: ಹಠಮಾರಿ ಹೇಮಾವತಿ. ಸ್ಥಳ ಕುಮಟಾ, ತಾ. 14-2, ಶನಿವಾರ ರಾತ್ರಿ. ಹೇಮಾವತಿಯ ಪಾತ್ರದಲ್ಲಿ, ದಪ್ಪ ಅಕ್ಷರದಲ್ಲಿ, "ಕುಮಾರಿ ಮಾಲತಿ, ಕಾಸರಕೋಡ".

ನಗು ಅಲ್ಲೇ ನಿಂತುಹೋಯಿತು.

ಕುಮಟೆ, ಶನಿವಾರ, ಶಿವರಾತ್ರಿಗೆ ಹತ್ತಿರದ ದಿನ. ಅವಳು ಮತ್ತೆ ಫೋನಿನ ಕ್ಯಾಲೆಂಡರು ತಿರುವಿದಳು. ಆ ತಾರೀಕು ಶನಿವಾರ ಬಿದ್ದದ್ದು 1987ರಲ್ಲಿ, ಮತ್ತೆ 1998ರಲ್ಲಿ. ಅದಕ್ಕೂ ಹಿಂದೆ ಬಿದ್ದಾಗ ಆಯಿ ಕಾಸರಕೋಡದಲ್ಲಿ ಶಾಲೆಗೆ ಹೋಗುವ ಹುಡುಗಿ. ಅದಕ್ಕೂ ಮುಂದೆ ಬೀಳುವಷ್ಟರಲ್ಲಿ ಪ್ರೆಸ್ಸೇ ಮುಚ್ಚಿತ್ತು. 1987 ಆದರೆ ಆಯಿ ಆಗಷ್ಟೇ ಕಂಪನಿ ಸೇರಿದ, ಮದುವೆಯಾಗದ ಹುಡುಗಿ, ಈ ಕಾಗದಕ್ಕೂ ಜ್ವರಕ್ಕೂ ಸಂಬಂಧವಿಲ್ಲ, ಬಂಗಾರತ್ತೆಯ ಕತೆ ಬರೀ ಕತೆಯಾಗಿ ಉಳಿಯುತ್ತದೆ. 1998 ಆದರೆ ಆಗ ರಂಜಿತಾಳಿಗೆ ಮೂರು ವರ್ಷ, ಇದು ಅದೇ ರಾತ್ರಿಯ ಬಿಲ್ಲು.

'ಕುಮಾರಿ' ಎಂದಿದೆಯಲ್ಲ! ಮದುವೆಗೆ ಮುಂಚಿನದು. ಅವಳು ಅಂಚಿನಲ್ಲಿ ಪೆನ್ಸಿಲಿನಿಂದ 1987 ಎಂದು ಬರೆದೇಬಿಟ್ಟಳು. ಮಗುವನ್ನು ಎಬ್ಬಿಸಿ ಮುದ್ದಾಡಿದಳು. ಅಂದು ಸಂಜೆ ಪ್ರವೀಣನಿಗೆ ಶಿರಾ ಮಾಡಿಕೊಟ್ಟಳು. ನಾಳೆ ಬೆಳಿಗ್ಗೆ ಆಯಿಗೆ ಫೋನು ಮಾಡುತ್ತೇನೆ ಅಂದುಕೊಂಡು ಮಲಗಿದಳು.

ಬೆಳಿಗ್ಗೆ ಹಲ್ಲುಜ್ಜುವಾಗ ನೆನಪಾಯಿತು. ಲಂಡನ್ನಿನ ಆ ಪುಸ್ತಕಗಳಲ್ಲಿ ನಟಿಯರ ಹೆಸರಿನ ಹಿಂದೆಲ್ಲ 'ಶ್ರೀಮತಿ' ಎಂದೇ ಇರುತ್ತಿತ್ತು, ಮದುವೆ ಆಗಿರಲಿ ಬಿಡಲಿ. ಅದನ್ನು ನೆಚ್ಚಿ ಇಸವಿ ಹಾಕಬಾರದು ಅಂತ ತಾನೇ ಪ್ರಬಂಧದಲ್ಲಿ ಒಂದು ಇಡೀ ಪುಟ ಬರೆದಿದ್ದಳು. ಇಲ್ಲಿಯ ಕಂಪನಿಗಳದ್ದು ಅದರ ತಿರುಗುಮುರುಗು ಪದ್ಧತಿ. ಕಟ್ಟು ಬಿಚ್ಚಿ ನೋಡಿದರೆ ಎಲ್ಲ ಕಾಲದ ಎಲ್ಲ ನಟಿಯರೂ ಕುಮಾರಿಯರೇ. ಒಬ್ಬ ಕುಮಾರಿಯಂತೂ "ತಮ್ಮ ಮಗ ಮಾಸ್ಟರ್ ಶ್ರೀಧರನೊಂದಿಗೆ" ಅಭಿನಯಿಸಿದ್ದಳು. ಬೇಕು ಅನಿಸಿದ ಇಸವಿಯನ್ನು ಹಾಕಿಬಿಟ್ಟೆನಲ್ಲ ಎಂದು ರಂಜಿತಾಳಿಗೆ ಒಳಗೊಳಗೇ ಅಸಹ್ಯವಾಯಿತು. ರಬ್ಬರು ತೆಗೆದುಕೊಂಡು ಅಳಿಸಿದಳು.

ಆಮೇಲೆ ಕಾಗದವನ್ನು ಕಣ್ಣಿನ ಹತ್ತಿರ ತಂದು ನೋಡತೊಡಗಿದಳು. 'ಮಾಲತಿ'ಯ ದಪ್ಪ 'ಲ' ಕೆಳಗಡೆ ತುಸು ಮುರಿದಿತ್ತು. ಸೀಸದ ಅಕ್ಷರ ಒಂದೊಂದಾಗಿ ಜೋಡಿಸುವ ಪ್ರೆಸ್ಸಿನಲ್ಲಿ ಒಂದು ಮೊಳೆ ಮುರಿದರೆ, ಅದನ್ನು ಎಸೆಯುವ ತನಕ ಆ ಗಾಯ ಎಲ್ಲ ಕಡೆ ಮೂಡುತ್ತದೆ. ಎಂಬತ್ತರ ದಶಕದ ಬಿಲ್ಲುಗಳಲ್ಲಿ ಆ ದಪ್ಪ 'ಲ' ಎಲ್ಲೂ ಮುರಿದಿರಲಿಲ್ಲ. ಸುವರ್ಣ ಮಹೋತ್ಸವದ ಹಸಿರು ಬಿಲ್ಲಿನಲ್ಲಿ ಮುರಿದಿತ್ತು, ಅದೇ ಜಾಗದಲ್ಲಿ, ಅಷ್ಟೇ ಚೂರು.

ಆಯಿತು. 1998.

ಎರಡು ದಿನ ಆ ಬಿಲ್ಲು ಮೇಜಿನ ಮೇಲೇ ಬಿದ್ದಿತ್ತು. ಸ್ನಾನ ಮಾಡಿಸುವಾಗ ಮಗುವಿನ ಕಣ್ಣಿಗೆ ಸೋಪು ಹೋಗಿ ಅದು ಚೀರಿದಾಗ ತಾನೂ ಅತ್ತಳು. "ನಿಂಗೆಂತ ಆತು?" ಎಂದು ದುರ್ಗಿ ಕೇಳಿದರೆ "ಏನಿಲ್ಲ" ಎಂದಳು. ಪ್ರವೀಣ ಆ ಗುಲಾಬಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಮೇಜಿನ ಮೇಲಿಟ್ಟು, ಕೆಲಸಕ್ಕೆ ಹೊರಟುಹೋದ.

ಅವನು ಹೋದ ಮೇಲೆ ಅವಳೂ ಹಾಗೇ ಬೆಳಕಿಗೆ ಹಿಡಿದಳು. ಆಗ ಕಂಡಿತು. ನಾಟಕದ ಹೆಸರು, ಪಾತ್ರಗಳು, ಹೊಗಳಿಕೆ ಎಲ್ಲ ಒಂದು ಮಸಿಯಲ್ಲಿ. 'ಕುಮಟಾ' ಮತ್ತು 'ತಾ. 14-2 ಶನಿವಾರ' ಮಾತ್ರ ಇನ್ನೂ ಕಪ್ಪಗೆ, ಒಂದಿಷ್ಟು ಓರೆಯಾಗಿ, ಬೇರೆ ಸಲ ಒತ್ತಿದ್ದು. ಕಂಪನಿಯವರು ಮಳೆಗಾಲ ಮುಗಿದು ಹೊರಡುವಾಗಲೇ ಇಡೀ ಸೀಜನ್ನಿಗೆ ಬೇಕಾದ ಬಿಲ್ಲುಗಳನ್ನು, ಸ್ಥಳಕ್ಕೂ ದಿನಕ್ಕೂ ಖಾಲಿ ಜಾಗ ಬಿಟ್ಟು, ಒಟ್ಟಿಗೇ ಅಚ್ಚು ಹಾಕಿಸಿದ್ದಾರೆ. ಆಮೇಲೆ ಆಯಾ ಊರಿನ ಹೆಸರು, ತಾರೀಕು ತುಂಬಿಸಿದ್ದಾರೆ. ಲಂಡನ್ನಿನ ಪ್ರಕಾಶಕರು ಮಾರಾಟವಾಗದೆ ಉಳಿದ ಹಳೇ ನಾಟಕಕ್ಕೆ ಹೊಸ ಮುಖಪುಟ ಅಂಟಿಸಿದ ಹಾಗೆ. ಅಂದರೆ ಮಾಲತಿಯ ಹೆಸರು ಈ ಕಾಗದದ ಮೇಲೆ ಬಿದ್ದದ್ದು ತಿಂಗಳುಗಳ ಮೊದಲೇ. ಮಗಳಿಗೆ ಜ್ವರ ಬರುವುದು ಆಗ ಯಾರಿಗೆ ಗೊತ್ತಿತ್ತು? ಆ ಶನಿವಾರ ಮಾಲತಿ ಬರದೆ, ಬೇರೆ ಯಾರೋ ಹೇಮಾವತಿಯಾಗಿ ಕುಣಿದಿದ್ದರೂ ಕಾಗದದಲ್ಲಿ ಮಾಲತಿಯೇ ಇರುತ್ತಿದ್ದಳು.

ರವಿವಾರ ಮಗುವನ್ನು ಎತ್ತಿಕೊಂಡು ಕುಮಟೆಗೆ ಹೋದಳು. ಪ್ರೆಸ್ಸಿನ ಮಾಲಿಕರು ತ್ರ್ಯಂಬಕ ಶೇಟರು. ಪ್ರೆಸ್ಸಿದ್ದ ಕೋಣೆಯಲ್ಲಿ ಈಗ ಮೊಬೈಲು ಅಂಗಡಿ, ಹಿಂದುಗಡೆ ಅವರ ಮನೆ. ತಾನು ಕಾಲೇಜಿನವಳೆಂದಷ್ಟೇ ಹೇಳಿ ಗುಲಾಬಿ ಕಾಗದ ಮುಂದಿಟ್ಟಳು. ಶೇಟರು ಕನ್ನಡಕ ಏರಿಸಿ ಅರಳಿದರು.

"ಹೇಮಾವತಿ! ನೋಡಿದ್ದೆನಲ್ಲ ನಾನು, ಇದೇ ರಾತ್ರಿ! ಮಾಲತಿ ಬಂತು ನೋಡಿ, ಕುದುರೆ ಮೇಲೆ. ಜೀವಂತ ಕುದುರೆ ಮಾರಾಯ್ರೆ. ಜನ ಎದ್ದು ನಿಂತ್ರು."

ಒಳಗಿನಿಂದ ಶೇಟರ ಹೆಂಡತಿ ಚಹಾ ಹಿಡಿದುಕೊಂಡೇ ಬಂದರು.

"ಕುದುರೆ ಎಲ್ಲಿತ್ತು ಅದ್ರಲ್ಲಿ? ಕುದುರೆ ಬಂದದ್ದು ಬೇರೆ ಕಂಪನಿದು, ನಮ್ಮ ದೊಡ್ಡವ ಹುಟ್ಟಿದ ವರ್ಷ. ಇವ್ರ ಮಾತು ಕೇಳ್ಬೇಡ ತಂಗಿ. ಕಂಪನಿಯವ್ರು ಇವ್ರಿಗೆ ಮೊದಲನೇ ಸಾಲಿನ ಪಾಸು ಕೊಡ್ತಿದ್ರು. ನಾಂದಿ ಪದ್ಯಕ್ಕೇ ಗೊರಕೆ ಶುರು."

"ಗೊರಕೆ ಅಲ್ಲ ಅದು, ತಾಳ."

"ತಬಲಜಿ ಬಂದು ಎಬ್ಬಿಸಿದ್ದ, ನಂಗೆ ತಾಳ ತಪ್ತದೆ ಅಂತ."

"ಹಾಗಾದರೆ ಈ ಶನಿವಾರ ಮಾಲತಿ ಪಾತ್ರ ಮಾಡಿದ್ದು..." ಎಂದಳು ರಂಜಿತಾ.

ಶೇಟರು ಕಾಗದವನ್ನು ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. "ಮಾಡಿರ್ಬೇಕು. ಹೆಸರದೆಯಲ್ಲ" ಎಂದರು.

"ನಂಗೂ ಗೊತ್ತಿಲ್ಲ" ಎಂದರು ಹೆಂಡತಿ. "ಆ ದಿವ್ಸದಲ್ಲಿ ನಾನು ತವರಲ್ಲಿದ್ದೆ. ಆದ್ರೆ ಮಾಲತಿ ನೆನಪದೆ. ಬಿಲ್ಲು ಅಚ್ಚು ಹಾಕುವಾಗ ಒಂದಿನ ಇಲ್ಲಿಗೇ ಬಂದಿತ್ತು, ಕಂಕುಳಲ್ಲಿ ಹುಡುಗಿ. 'ಮಗು ಎತ್ಕಂಡು ಬಂದವ್ಳಿಗೆ ಕುಮಾರಿ ಅಂತ ಹಾಕ್ತ್ರಲ್ಲ, ನಂಗೆ ನಾಚ್ಕೆ ಆಗ್ತದೆ, ಅದೊಂದು ತೆಗೀರಿ' ಅಂತ ಇವ್ರ ಹತ್ರ ಜಗಳ."

"ಮ್ಯಾನೇಜರು ತೆಗೀಬೇಡ ಅಂದಿದ್ದ," ಎಂದರು ಶೇಟರು. "ಕುಮಾರಿ ತೆಗೆದ್ರೆ ಕಲೆಕ್ಷನ್ ಬೀಳ್ತದೆ ಅಂತ."

"ಇವ್ರು ವಾದ ಮಾಡ್ತಾ ಇರುವಾಗ ಆ ಹುಡುಗಿ ಮಸಿ ತಟ್ಟೆಗೆ ಎರಡೂ ಕೈ ಹಾಕ್ತು. ಹಾಕಿ ತಾಯಿ ಮುಖಕ್ಕೆಲ್ಲ ಬಳೀತು. ನಾನು ಅಯ್ಯೋ ಅಂದೆ. ಮಾಲತಿ ಎಂತ ಮಾಡ್ತು ಗೊತ್ತಾ? ಬೈಲಿಲ್ಲ, ಹೊಡೀಲಿಲ್ಲ. 'ಇವತ್ತಿನ ಮೇಕಪ್ಪು ನನ್ನ ಮಗಳೇ ಮಾಡ್ತು' ಅಂತ ನಕ್ಕಂತ, ಆ ಮುಖದಲ್ಲೇ ಪೇಟೆಲಿ ನಡ್ಕಂಡು ಹೋಯ್ತು."

ರಂಜಿತಾ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಧನ್ಯಾ ಅವಳ ದುಪ್ಪಟ್ಟಾ ಜಗ್ಗುತ್ತಿದ್ದಳು.

"ಆ ಹುಡುಗಿ ಆಮೇಲೆ ಎಲ್ಲಿ ಹೋಯ್ತೋ ಏನೋ" ಎಂದರು ಶೇಟರ ಹೆಂಡತಿ. "ಕಂಪನಿ ಮುಚ್ಚುವ ಮುಂಚೆ ಮಾಲತಿ ಒಂದು ಸಲ ಬಂದಿತ್ತು. ಮಗು ಎಲ್ಲೆ ಅಂದೆ. ಓದೂಕೆ ಹೋಯ್ದು ಅಂತು. ಅಷ್ಟು ಸಣ್ಣದಾ ಅಂದೆ. ಚಹಾ ಅರ್ಧಕ್ಕೇ ಇಟ್ಟು ಹೊರಟೋಯ್ತು."

ಕುಮಟೆಯ ಸ್ಟ್ಯಾಂಡಿನಲ್ಲಿ ಭಟ್ಕಳದ ಬಸ್ಸು ನಿಂತಿತ್ತು. ಕಂಡಕ್ಟರು "ಹೊನ್ನಾವರ, ಮುರ್ಡೇಶ್ವರ, ಭಟ್ಕಳ" ಎಂದು ಕೂಗುತ್ತಿದ್ದ. ಹತ್ತಿ ಕೂತ ಮೇಲೆ "ಎಲ್ಲಿಗೆ?" ಎಂದ. ರಂಜಿತಾಳ ಬಾಯಿಗೆ ಮುರ್ಡೇಶ್ವರ ಬಂತು, ಹೇಳಿದ್ದು ಹಳದೀಪುರ. ಸೀಟಿನಲ್ಲಿ ಮಗು ಮಡಿಲ ಮೇಲೆ ನಿದ್ದೆ ಹೋಯಿತು. ಅವಳು ಕಿಟಕಿಯಾಚೆಯ ತೆಂಗಿನ ತೋಟಗಳನ್ನು ನೋಡುತ್ತ ತನ್ನನ್ನೇ ಕೇಳಿಕೊಂಡಳು. ಇನ್ನು ಯಾವ ಕಾಗದ ಹುಡುಕುವುದು? ಆಸ್ಪತ್ರೆಯದ್ದೇ? ಇನ್ನೊಂದು ಹ್ಯಾಂಡ್‌ಬಿಲ್ಲೇ? ಲಂಡನ್ನಿನವರು ಸತ್ತು ಮುನ್ನೂರು ವರ್ಷ ದಾಟಿತು, ಅವರನ್ನು ಕೇಳುವ ಹಾಗಿಲ್ಲ, ಅದಕ್ಕೇ ಕಾಗದ ಹುಡುಕುವುದು. ಇಲ್ಲಿ ಕೇಳಬೇಕಾದವಳು ಇದೇ ರಸ್ತೆಯ ಮೇಲೆ, ಇದೇ ಬಸ್ಸು ಹೋಗುವ ಊರಿನಲ್ಲಿ, ಯಾರ್‍ಯಾರಿಗೋ ಅನ್ನ ಬಡಿಸುತ್ತಿದ್ದಾಳೆ.

ಮತ್ತೆ, ಆ ಶನಿವಾರ ಅವಳು ಹೋಗಿರಲೂಬಹುದು. ಹೋಗಿದ್ದಳು ಎಂದೇ ಇಟ್ಟುಕೊಂಡು ರಂಜಿತಾ ಆ ರಾತ್ರಿಯನ್ನು ಕಣ್ಣ ಮುಂದೆ ತಂದುಕೊಂಡಳು. ಬಣ್ಣ ಬಳಿದುಕೊಂಡು ಹೋದಳು, ಹಾಡಿದಳು, ಚಪ್ಪಾಳೆ ಗಿಟ್ಟಿಸಿದಳು. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಎದೆಯೊಳಗಿನ ಹಂಬಲ ಒಂದು ಎಳೆಯೂ ಕಡಿಮೆಯಾಗಲಿಲ್ಲ. ಬಂಗಾರತ್ತೆಯ ಮೇಲಿನ ಪ್ರೀತಿಯೂ ಕಡಿಮೆಯಾಗಲಿಲ್ಲ. ಎರಡೂ ಇದ್ದಲ್ಲೇ ಇದ್ದವು.

ಹಳದೀಪುರದಲ್ಲಿ ಇಳಿದಳು. ಬಸ್ಸು ಧೂಳೆಬ್ಬಿಸಿ ದಕ್ಷಿಣಕ್ಕೆ ಹೋಯಿತು. ತಂಗುದಾಣದ ಕಲ್ಲುಬೆಂಚಿನ ಮೇಲೆ ಕೂತು, ಮಗುವಿನ ತಲೆಯನ್ನು ಮೊಣಕೈಗೆ ಆನಿಸಿಕೊಂಡು, ಇನ್ನೊಂದು ಕೈಯಲ್ಲಿ 'ಮುರ್ಡೇಶ್ವರ' ಒತ್ತಿದಳು.

ಬಹಳ ಹೊತ್ತು ರಿಂಗಾಯಿತು. ಆಮೇಲೆ ಪಾತ್ರೆಗಳ ಸದ್ದು, ಒಗ್ಗರಣೆಯ ಸಿಡಿತ, ಅದರ ನಡುವೆ ಒಂದು ಗಟ್ಟಿ ಹೆಣ್ಣುದನಿ. "ಹಲೋ, ಯಾರು? ಪಾರ್ಸೆಲ್ ಆದ್ರೆ ಕೆಳಗಿನ ನಂಬರಿಗೆ ಮಾಡಿ."

"ನಾನು ರಂಜಿತಾ."

"ಯಾವ ರಂಜಿತಾ?"

"ರಮಾನಂದರ ಮಗಳು" ಎಂದಳು.

ಒಗ್ಗರಣೆ ಸಿಡಿಯುತ್ತಲೇ ಇತ್ತು. ಆಮೇಲೆ ಆ ಸದ್ದೂ ದೂರವಾಯಿತು. ಕರೆ ತುಂಡಾಯಿತೇನೋ ಎಂದು ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಕಿವಿಗಿಟ್ಟಳು.

"ಹುಬ್ಬಳ್ಳಿಂದಾ?" ಎಂದಿತು ದನಿ. ಈಗ ಅದು ಗಟ್ಟಿಯಾಗಿರಲಿಲ್ಲ.

"ಇಲ್ಲ. ಹಳದೀಪುರದಿಂದ. ಇಲ್ಲೇ ಇರುವುದು ನಾವು."

"ಹಳದೀಪುರವಾ? ಇಲ್ಲಿ ಹಳದೀಪುರವಾ?"

"ಹೌದು."

"ಯಾವಾಗಿಂದ?"

"ಎರಡು ವರ್ಷದಿಂದ."

ರಂಜಿತಾಳ ಮೊಣಕೈಯಲ್ಲಿ ಮಗು ಮಿಸುಕಿ, ಕಣ್ಣು ತೆರೆಯದೆ ಒಂದು ಸಣ್ಣ ಅಳು ತೆಗೆಯಿತು.

"ಅದ್ಯಾರು ಅಳೂದು?"

"ನನ್ನ ಮಗಳು" ಎಂದಳು ರಂಜಿತಾ. "ಹತ್ತು ತಿಂಗಳು. ನಿನ್ನ ಹತ್ತಿರ ಒಂದು ಕೇಳಬೇಕಿತ್ತು ಆಯಿ. ತುಂಬ ದಿನದಿಂದ."

"ಕೇಳೆ. ಎಂತ ಬೇಕಾದ್ರೂ ಕೇಳು, ಹೇಳ್ತೆ. ಒಂದೇ ನಿಮಿಷ, ಒಲೆ ಮೇಲೆ ಸಾರದೆ. ಇಡ್ಬೇಡ ಹಾಂ? ಫೋನ್ ಮಾತ್ರ ಇಡ್ಬೇಡ ಮಗಾ."

ಫೋನನ್ನು ಎಲ್ಲೋ ಒರಟಾಗಿ ಇಟ್ಟ ಸದ್ದಾಯಿತು. ಅದರ ಹಿಂದೆ, ಇಡೀ ಅಡುಗೆಮನೆಗೆ ಕೇಳುವ ಹಾಗೆ, ಅದೇ ದನಿ ಕೂಗಿತು:

"ಬೀರಾ, ಸಾರು ನೋಡ್ಕಾ! ನನ್ನ ಮಗಳದ್ದು ಫೋನ್ ಬಂದದೆ."

ರಂಜಿತಾ ಫೋನನ್ನು ಕಿವಿಗೆ ಒತ್ತಿ ಹಿಡಿದು ಕಾಯುತ್ತ ಕೂತಳು.